ಒಂದೇ ನಂಬರಿನ ತೊಟ್ಟಿಲ ಪದಗಳು

ಸಂಘಪಾಲ ಬಸವಕಲ್ಯಾಣದ ಬಸ್ ಡಿಪೋದಲ್ಲಿ ಸ್ಟೋರ್‌ಕೀಪರ್. ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು, ನಟ್ಟು, ಬೋಲ್ಟು ಎಲ್ಲಕ್ಕೂ ನಂಬರ್ ಹಾಕಿ, ಚೀಟಿ ಅಂಟಿಸಿ, ಹಲಗೆಯ ಮೇಲೆ ಸಾಲಾಗಿ ಕೂಡಿಸುವುದು ಅವನ ಕೆಲಸ. ಕೆಲಸವೂ ಅದೇ, ಹುಚ್ಚೂ ಅದೇ. ಮನೆಗೆ ಬಂದರೂ ಆ ಹುಚ್ಚು ಇಳಿಯುತ್ತಿರಲಿಲ್ಲ. ಒಮ್ಮೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ. ಜೀರಿಗೆ ಡಬ್ಬಿಯಲ್ಲಿ ಸಾಸಿವೆ ಕಂಡ ದಿನ ಹೆಂಡತಿ ಸಪ್ನಾಳ ಮುಂದೆ ದೊಡ್ಡ ಪಂಚಾಯಿತಿಯನ್ನೇ ನಡೆಸಿದ. "ನಿಮ್ಮ ಡಿಪೋ ಡಿಪೋದಾಗೇ ಇಟ್ಟು ಬರ್ರಿ," ಎಂದು ಅವಳು ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿದಳು.

ಅಡುಗೆಮನೆಯಿಂದ ಗಡೀಪಾರಾದ ಮೇಲೆ ಅವನು ಕಂಪ್ಯೂಟರಿಗೆ ಗಂಟುಬಿದ್ದ. ಮನೆಯಲ್ಲಿದ್ದ ಕ್ಯಾಸೆಟ್ಟು, ಸಿಡಿ, ಮದುವೆ ವಿಡಿಯೋ, ಫೋಟೋಗಳನ್ನೆಲ್ಲ ಅದರೊಳಗೆ ಸುರಿದ. ಇಂಥವನ್ನೆಲ್ಲ ಹೆಸರು, ನಂಬರು, ಟಿಪ್ಪಣಿ ಸಹಿತ ಜೋಡಿಸಿಡುವ ಒಂದು ಸಾಫ್ಟ್‌ವೇರ್ ಸಿಕ್ಕಿತು. ಸಿಕ್ಕಿದ ದಿನ ಅವನಿಗಾದ ಸಂತೋಷವನ್ನು ಮಗ ಹುಟ್ಟಿದ ದಿನವೂ ಕಂಡಿರಲಿಲ್ಲ ಎಂದು ಸಪ್ನಾ ಇವತ್ತಿಗೂ ಆಡಿಕೊಳ್ಳುತ್ತಾಳೆ. ಮನೆಯವರು ಅದಕ್ಕೆ 'ಸ್ಟೋರು' ಎಂದೇ ಹೆಸರಿಟ್ಟರು. ಹುಲಸೂರಿನ ಚಿಕ್ಕಪ್ಪ, ಮಂಠಾಳದ ಬೀಗರು ಯಾರೇ ಫೋನು ಮಾಡಿ, "ಪಾಲಾ, ಆ ಮದುವಿ ವಿಡಿಯೋ ಅದ ಏನು?" ಎಂದರೆ ಸಾಕು, ಚಹಾ ಆರುವುದರೊಳಗೆ ಹುಡುಕಿ ಕಳಿಸುತ್ತಿದ್ದ. ಅವರು ವಾಹ್ವಾ ಎಂದರೆ ಕಾಲರ್ ಸರಿಮಾಡಿಕೊಳ್ಳುತ್ತಿದ್ದ.

ಆ ಸ್ಟೋರಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅವನ ಅವ್ವ ದ್ರೌಪತಿಯ ಪದಗಳು. ಮುಡಬಿಯಲ್ಲಿ ಹೊಲದ ಕೂಲಿ ಮಾಡಿಕೊಂಡೇ ಮಕ್ಕಳನ್ನು ಓದಿಸಿದ ಹೆಂಗಸು. ಅಕ್ಷರ ಗೊತ್ತಿಲ್ಲ, ದನಿ ಮಾತ್ರ ಗಂಟೆ. ಕೇರಿಯಲ್ಲಿ ಯಾರ ಮನೆಯಲ್ಲಿ ಕೂಸು ತೊಟ್ಟಿಲಿಗೆ ಬಿದ್ದರೂ ಬುದ್ಧವಂದನೆ ಮುಗಿದ ಮೇಲೆ ಹೆಂಗಸರು ಅವಳತ್ತ ತಿರುಗುತ್ತಿದ್ದರು. ಅವಳ ತೊಟ್ಟಿಲ ಪದ ಒಂದೇ. ಧಾಟಿ ಒಂದೇ, ಮೊದಲ ನುಡಿ ಒಂದೇ. ಬದಲಾಗುತ್ತಿದ್ದುದು ನಡುವಿನ ಹೆಸರುಗಳು: ಯಾರ ಕೂಸು, ಸೋದರತ್ತೆ ಯಾರು, ಮಾವ ಎಲ್ಲಿಂದ ಕೂಸಿನ ತಲೆಗೆ ಕುಂಚಿಗೆ ತಂದ. ಆ ಮನೆಯಲ್ಲಿ ಮೊದಲೊಂದು ಕೂಸು ಹುಟ್ಟಿ ತೀರಿಹೋಗಿದ್ದರೆ ಅವಳು ಇನ್ನೊಂದು ನುಡಿ ಸೇರಿಸುತ್ತಿದ್ದಳು. ಹೋದ ಕೂಸನ್ನು ಹೆಸರು ಹಿಡಿದು ಕರೆದು, ಬಂದು ಈ ತೊಟ್ಟಿಲ ಹಗ್ಗ ಹಿಡಿ ಎನ್ನುತ್ತಿದ್ದಳು. ಕೆಲವರಿಗೆ ಅದು ಸೇರುತ್ತಿರಲಿಲ್ಲ. ಶುಭದ ಹೊತ್ತಿನಲ್ಲಿ ಸತ್ತವರ ಮಾತೇಕೆ ಎಂದು ಗೊಣಗುತ್ತಿದ್ದರು. "ಮೊದಲ ಬಂದಾಕಿಗಿ ಬಿಟ್ಟು ಹಿಂದ ಬಂದಾಕಿಗಿ ತೂಗಿದ್ರ ಆಕಿ ಎಲ್ಲಿ ಹೋಗಬೇಕು?" ಎಂದು ದ್ರೌಪತಿ ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ.

ಅವಳು ಬೇರೆಬೇರೆ ಮನೆಗಳಲ್ಲಿ ಹಾಡಿದ್ದನ್ನೆಲ್ಲ ಸಂಘಪಾಲ ವರ್ಷಗಟ್ಟಲೆ ರೆಕಾರ್ಡ್ ಮಾಡಿದ್ದ. ಕ್ಯಾಸೆಟ್ಟುಗಳಿಂದ ಕಂಪ್ಯೂಟರಿಗೆ ಇಳಿಸಿ, ಕ್ಯಾಸೆಟ್ಟುಗಳನ್ನು ಹಳೆ ಸಾಮಾನು ಕೊಳ್ಳುವ ಭಂಗಾರದವನಿಗೆ ಹಾಕಿದ್ದ. ಮೂರು ವರ್ಷದ ಹಿಂದೆ ಅವ್ವ ತೀರಿಕೊಂಡಾಗ, "ಅವ್ವನ ದನಿ ನನ್ನ ಹತ್ರ ಭದ್ರ ಅದ," ಎಂದು ಎಲ್ಲರಿಗೂ ಸಮಾಧಾನ ಹೇಳಿದ್ದವನೂ ಅವನೇ.

ಆದರೆ ನಂಬರ್ ಹಾಕುವಾಗ ಅವನು ಡಿಪೋದ ಬುದ್ಧಿಯನ್ನೇ ಓಡಿಸಿದ್ದ. ಒಂದು ಫ್ಯಾನ್ ಬೆಲ್ಟು ಯಾವ ಬಸ್ಸಿಗೆ ಹೋಗಲಿ, ಹುಮನಾಬಾದಿನ ಬಸ್ಸಿಗೋ ಬೀದರಿನ ಬಸ್ಸಿಗೋ, ಅದರ ನಂಬರು ಒಂದೇ. ಒಂದೇ ಸಾಮಾನಿಗೆ ಎರಡು ನಂಬರು ಬಿದ್ದರೆ ಸ್ಟೋರ್‌ಕೀಪರಿಗೆ ಮೇಲಿನವರಿಂದ ಬೈಗುಳ. ಹಾಗೆಯೇ ಅವ್ವನ ತೊಟ್ಟಿಲ ಪದ ಯಾರ ಮನೆಯದಾದರೂ ಪದ ಒಂದೇ ತಾನೇ ಎಂದು ಎಲ್ಲಕ್ಕೂ ಒಂದೇ ನಂಬರು, ಒಂದೇ ಹೆಸರು ಕೊಟ್ಟಿದ್ದ. ಯಾವ ಕೂಸಿನದು ಎಂಬುದನ್ನು ಕೆಳಗೆ ಟಿಪ್ಪಣಿಯಲ್ಲಿ ಸಣ್ಣದಾಗಿ ಬರೆದಿದ್ದ. ಇಂಥ ತಪ್ಪನ್ನು ಬೇರೆ ಯಾರೂ ಮಾಡುತ್ತಿರಲಿಲ್ಲ. ಅಷ್ಟು ಶಿಸ್ತು ಬೇರೆ ಯಾರಿಗೂ ಇರಲಿಲ್ಲ.

ಬೇಸಿಗೆಯ ಒಂದು ಭಾನುವಾರ ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಸಂಘಪಾಲ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕುಳಿತ. ಹೊಸದು ನೋಡಲು ಬಲು ಚೆಂದವಿತ್ತು. ಹಳೆಯದರಲ್ಲಿ ಬರೀ ಸಾಲುಗಳಿದ್ದವು, ಇದರಲ್ಲಿ ಚಿತ್ರ, ಬಣ್ಣ, ಮುಟ್ಟಿದರೆ ತೆರೆದುಕೊಳ್ಳುವ ಬಾಗಿಲುಗಳು. ಟಿಪ್ಪಣಿ ಮಾತ್ರ ಮೇಲೆ ಕಾಣುತ್ತಿರಲಿಲ್ಲ, ಒಳಗೆಲ್ಲೋ ಮಡಚಿಕೊಂಡಿತ್ತು. ಅದು ಅವನ ಲಕ್ಷ್ಯಕ್ಕೆ ಬರಲಿಲ್ಲ.

ಎಲ್ಲ ಹೊಸ ಮನೆಗೆ ಬಂದ ಮೇಲೆ ಅದು ಒಂದು ಪ್ರಶ್ನೆ ಕೇಳಿತು. ಒಂದೇ ನಂಬರಿನ, ಒಂದೇ ಹೆಸರಿನ ಪ್ರತಿಗಳು ಬಹಳ ಇವೆ. ಒಳ್ಳೆಯ ಪ್ರತಿಯೊಂದನ್ನು ಇಟ್ಟು ಉಳಿದವನ್ನು ಪೂರ್ತಿ ತೆಗೆಯಬೇಕೆ?

ಇಂಥ ಪ್ರಶ್ನೆಗಾಗಿ ಅವನು ಜೀವಮಾನವಿಡೀ ಕಾದಿದ್ದ ಎನ್ನಬೇಕು. ಹೋದ ವರ್ಷ ಮದುವೆ ಫೋಟೋಗಳು ಎರಡೆರಡು ಸಲ ಸೇರಿಕೊಂಡು ತಲೆ ತಿಂದಿದ್ದವು. ಅವೇ ಇರಬೇಕು ಎಂದುಕೊಂಡು ಹೌದು ಎಂದು ಒತ್ತಿದ. ನಿಜವಾಗಿಯೂ ತೆಗೆಯಬೇಕೆ ಎಂದು ಅದು ಮತ್ತೊಮ್ಮೆ ಕೇಳಿತು. ಕೇಳಿದ್ದಕ್ಕೆ ಸಿಡುಕಿ ಮತ್ತೊಮ್ಮೆ ಒತ್ತಿದ. ಡಿಸ್ಕಿನಲ್ಲಿ ಸಿಕ್ಕಾಪಟ್ಟೆ ಜಾಗ ಖಾಲಿಯಾಯಿತು. ಆ ಖುಷಿಯಲ್ಲಿ ನಕಲು ಇಡುವ ಎರಡನೆಯ ಡಿಸ್ಕನ್ನೂ ತಂದು ಜೋಡಿಸಿದ. ಸಾಫ್ಟ್‌ವೇರು ವಿಧೇಯತೆಯಿಂದ ಅದನ್ನೂ ಇದರಂತೆಯೇ ಹಸನು ಮಾಡಿತು. ಖಾಲಿಯಾದ ಜಾಗದಲ್ಲಿ ಡಿಪೋದ ಸಾಹೇಬರೊಬ್ಬರ ನಿವೃತ್ತಿ ಸಮಾರಂಭದ ಉದ್ದನೆಯ ವಿಡಿಯೋ ತುಂಬಿಸಿ, ಮಧ್ಯಾಹ್ನ ಹೊಟ್ಟೆ ತುಂಬ ಉಂಡು ಮಲಗಿದ.

ಮರುವಾರ ತಂಗಿ ರತ್ನಮಾಲಾಳ ಫೋನು ಬಂತು. ಅವಳನ್ನು ಕೊಟ್ಟದ್ದು ಹುಮನಾಬಾದಿಗೆ. ಅಲ್ಲಿ ಅಂಗನವಾಡಿ ಕಾರ್ಯಕರ್ತೆ. ಅವಳ ಮಗಳು ಪ್ರಣಿತಾ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹಡೆದಿದ್ದಳು.

"ಅಣ್ಣಾ, ಬರೂ ಐತವಾರ ಕೂಸಿಗಿ ತೊಟ್ಟಿಲಿಗಿ ಹಾಕಾಕತ್ತೀವಿ. ಅವ್ವ ಇಲ್ಲ, ಈ ಸಲ ಪದ ನಾನೇ ಹಾಡ್ತೀನಿ," ಎಂದಳು ರತ್ನಮಾಲಾ.

"ಹಾಡವ್ವ. ಅವ್ವಂದೇ ದನಿ ನಿಂದು."

"ಹಾಡ್ತೀನಿ. ಆದ್ರ ಒಂದು ನುಡಿ ನನಗ ಹಾಡಲಿಕ್ಕಿ ಆಗಂಗಿಲ್ಲ. ಪ್ರಣಿತಾನ ತೊಟ್ಟಿಲದಾಗ ಅವ್ವ ಹಾಡಿದ್ದು ಅದ ಅಲ್ಲ, ನಾ ಬಂದಾಗೆಲ್ಲ ನಿನ್ನ ಕಂಪ್ಯೂಟರದಾಗ ಕೇಳ್ತಿದ್ದೆ ನೋಡು. ಅದರಾಗಿಂದು ಆ ನುಡಿ ಅಷ್ಟು ಫೋನದಾಗ ಹಾಕ್ಕೊಂಡು ಬಾ. ನಾ ಹಾಡ್ತಾ ಹಾಡ್ತಾ ಅಲ್ಲಿಗಿ ಬಂದು ನಿಲ್ತೀನಿ, ನೀ ಅವ್ವನ ದನಿ ಹಚ್ಚು."

"ಯಾವ ನುಡಿ?"

"ನನ್ನ ಮೊದಲ ಕೂಸಿಂದು, ಅಣ್ಣಾ. ಹೆಸರಿಡೂದ್ರೊಳಗ ಹೋಯಿತಲ್ಲ, ಅದು. ಅದಕ್ಕೊಂದು ಹೆಸರು ಇಟ್ಟಾಕಿ ಅವ್ವ ಒಬ್ಬಾಕಿನೇ. ಪ್ರಣಿತಾನ ತೊಟ್ಟಿಲ ತೂಗೂ ಮುಂದ, ಪದದಾಗೇ ಇಟ್ಟಳು. ನಮ್ಮ ಅತ್ತಿ ಅದೇ ದಿನ ಸಿಟ್ಟಿಗೆದ್ದು, ಆ ಹೆಸರು ನನ್ನ ಮನ್ಯಾಗ ಯಾರೂ ಎತ್ತಬ್ಯಾಡ್ರಿ ಅಂದ್ರು. ಇಷ್ಟು ವರ್ಷ ಎತ್ತಿಲ್ಲ. ಈಗ ಅತ್ತಿನೂ ಇಲ್ಲ. ಒಮ್ಮಿ ಈ ಮನ್ಯಾಗ ಆ ಹೆಸರು ಕೇಳಬೇಕು ಅನಸ್ತದ."

"ತರ್ತೀನಿ," ಎಂದ ಸಂಘಪಾಲ. ಅಷ್ಟು ಹಗುರಾಗಿ ಹೇಳಿದ್ದಕ್ಕೆ ಆಮೇಲೆ ಎಷ್ಟು ಸಲ ತನ್ನನ್ನೇ ಶಪಿಸಿಕೊಂಡನೋ.

ಪ್ರತಿ ವರ್ಷ ಬುದ್ಧ ಪೂರ್ಣಿಮೆಗೆ ತಂಗಿ ಬಂದಾಗ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ, ಒಬ್ಬಳೇ ಕೂತು ಅದನ್ನು ಕೇಳುವುದನ್ನು ಅವನು ನೋಡಿದ್ದ. ಅವ್ವನ ನೆನಪು, ಕೇಳಲಿ ಪಾಪ ಎಂದುಕೊಂಡಿದ್ದ. ಪೆನ್‌ಡ್ರೈವಿನಲ್ಲಿ ಹಾಕಿಕೊಡಲೇ ಎಂದು ಒಮ್ಮೆ ಕೇಳಿಯೂ ಇದ್ದ. "ನಮ್ಮನ್ಯಾಗ ಬ್ಯಾಡ. ನಿನ್ನ ಸ್ಟೋರದಾಗೇ ಇರ್ಲಿ, ಭದ್ರ ಇರ್ತದ," ಎಂದಿದ್ದಳು. ಯಾಕೆ ಬೇಡ ಎಂದು ಅವನು ಕೇಳಿರಲಿಲ್ಲ.

ಫೋನಿಟ್ಟು ಸ್ಟೋರು ತೆರೆದ. ಅವ್ವನ ತೊಟ್ಟಿಲ ಪದ ಎಂದು ಹುಡುಕಿದ. ಒಂದೇ ಒಂದು ಬಂತು. ಮತ್ತೆ ಹುಡುಕಿದ. ಅದೇ ಒಂದು. ಎರಡನೆಯ ಡಿಸ್ಕು ಜೋಡಿಸಿ ನೋಡಿದ. ಅಲ್ಲಿಯೂ ಅದೇ ಒಂದು. ಮಡಚಿಕೊಂಡಿದ್ದ ಟಿಪ್ಪಣಿ ಬಿಚ್ಚಿ ಓದಿದರೆ ಅದು ತನ್ನ ಮಗ ಸಂಘರತ್ನನ ತೊಟ್ಟಿಲಿನದು.

ಯಾಕೆ ಅದೊಂದೇ ಉಳಿಯಿತು ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಳ್ಳೆಯ ಪ್ರತಿ ಇಟ್ಟುಕೋ ಎಂದು ಅವನೇ ಹೇಳಿದ್ದ. ತಂಗಿಯ ಮಗಳ ತೊಟ್ಟಿಲಿಗೆ ಮನೆಯ ಹಳೆ ಟೇಪ್‌ರೆಕಾರ್ಡರ್ ಹಿಡಿದು ಕೂತಿದ್ದ, ಅದರಲ್ಲಿ ಪದಕ್ಕಿಂತ ಮಷಿನ್ನಿನ ಗರಗರವೇ ಜಾಸ್ತಿ. ತನ್ನ ಮಗನ ತೊಟ್ಟಿಲಿಗೆ ಒಳ್ಳೆಯ ರೆಕಾರ್ಡರು, ದೊಡ್ಡ ಮೈಕು ಬಾಡಿಗೆಗೆ ತರಿಸಿದ್ದ. ಅವ್ವ ಎರಡೂ ಕಡೆ ಒಂದೇ ಸಮ ಹಾಡಿದ್ದಳು. ಭೇದ ಮಾಡಿದವನು ತಾನು. ಮಗನದರಲ್ಲಿ ಆ ನುಡಿಯೇ ಇರಲಿಲ್ಲ. ಅವನ ಮನೆಯಲ್ಲಿ ಯಾವ ಕೂಸೂ ಹೋಗಿರಲಿಲ್ಲ.

ಸಪ್ನಾ ಬಾಗಿಲಲ್ಲಿ ನಿಂತು, "ನಮ್ಮ ಮಗಂದು ಉಳದದ ಅಲ್ಲ, ಅಷ್ಟಾದ್ರೂ ಉಳೀತು," ಎಂದಳು. ಸಮಾಧಾನಕ್ಕೇ ಅಂದಳು. ಅವನಿಗೆ ಆ ಮಾತು ಕೆನ್ನೆಗೆ ಹೊಡೆದಂತಾಯಿತು.

ಕೋಟೆ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಒವೈಸ್‌ನ ಹತ್ತಿರ ಎರಡೂ ಡಿಸ್ಕು ಹೊತ್ತುಕೊಂಡು ಹೋದ. ಒವೈಸ್ ಏನೇನೋ ಹಚ್ಚಿ ಸಂಜೆಯವರೆಗೆ ಹುಡುಕಿದ. ಮುರುಕು ಚೂರುಗಳು ಸಿಕ್ಕವು. ಒಂದನ್ನು ತೆರೆದರೆ ಅವ್ವ "ಜೋ" ಎಂದು ಶುರು ಮಾಡುವಷ್ಟರಲ್ಲಿ ನಿವೃತ್ತರಾದ ಸಾಹೇಬರ ಭಾಷಣ ಹಾಯ್ದು ಬಂತು.

"ತೆಗದ ಮ್ಯಾಲ ಅದರ ಮ್ಯಾಲೇ ಬ್ಯಾರೆ ತುಂಬೀರಿ, ಪಾಲಭಾಯಿ. ಖಾಲಿ ಬಿಟ್ಟಿದ್ರ ಕೋಶಿಶ್ ಮಾಡಬಹುದಿತ್ತು," ಎಂದ ಒವೈಸ್. "ಕ್ಯಾಸೆಟ್ ಇರಬೇಕಲ್ರೀ?"

"ಭಂಗಾರಕ್ಕ ಹಾಕೀನಿ."

ಒವೈಸ್ ಡಿಸ್ಕುಗಳನ್ನು ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಹಾಕಿ ಕೈಗೆ ಕೊಟ್ಟ.

ತೊಟ್ಟಿಲ ಕಾರ್ಯದ ಹಿಂದಿನ ದಿನ ಸಂಘಪಾಲ ಕುಂಚಿಗೆ, ಬೆಳ್ಳಿಯ ಉಡದಾರ ತೆಗೆದುಕೊಂಡು ಹುಮನಾಬಾದಿಗೆ ಹೊರಟ. ಫೋನಿನಲ್ಲೇ ಹೇಳಿಬಿಡಬಹುದಿತ್ತು. ಎಷ್ಟೋ ಸಲ ನಂಬರ್ ಒತ್ತಿ, ಗಂಟೆ ಬಾರಿಸುವ ಮೊದಲೇ ಬಿಟ್ಟಿದ್ದ. ಸಸ್ತಾಪುರ ಬಂಗ್ಲಾ ದಾಟಿ ಬಸ್ಸು ಹೆದ್ದಾರಿ ಹಿಡಿದಾಗ ಒಂದು ಸುಳ್ಳು ಹೊಳೆಯಿತು. ಫೋನು ಕೆಟ್ಟಿತು, ಊರಲ್ಲಿ ಕರೆಂಟ್ ಇರಲಿಲ್ಲ, ಮುಂದಿನ ಸಲ ತರುತ್ತೇನೆ. ರಾಜೇಶ್ವರ ಬರುವ ತನಕ ಆ ಸುಳ್ಳನ್ನು ತಿದ್ದಿ ತೀಡಿ ಬಾಯಿಪಾಠ ಮಾಡಿದ. ಹುಮನಾಬಾದಿನಲ್ಲಿ ಇಳಿದು ಓಣಿ ಹೊಕ್ಕು, ಅಂಗಳದಲ್ಲಿ ಮೊರದ ತುಂಬ ಕಡಲೆ ಹರವಿಕೊಂಡು ಕಲ್ಲು ಆರಿಸುತ್ತ ಕೂತ ತಂಗಿಯನ್ನು ಕಂಡದ್ದೇ ತಡ, ಕಟ್ಟಿದ್ದೆಲ್ಲ ಕುಸಿದುಬಿತ್ತು.

"ಬಾ ಅಣ್ಣಾ, ಕೂಡು. ನೀರು ತರ್ತೀನಿ. ತಂದಿ ಅಲ್ಲ?" ಎಂದಳು ರತ್ನಮಾಲಾ. ಮುಖದಲ್ಲಿ ಅಷ್ಟು ಆಸೆ ಇತ್ತು.

"ಇಲ್ಲ ರತ್ನಾ," ಎಂದು ನಿಂತಲ್ಲೇ ಹೇಳಿದ. ಹೊಸದು ಹಾಕಿದ್ದು, ಅದು ಕೇಳಿದ್ದು, ತಾನು ಹೌದು ಎಂದದ್ದು, ಎರಡನೆಯ ಡಿಸ್ಕು, ಕ್ಯಾಸೆಟ್ಟು ಎಲ್ಲ ಹೇಳಿದ. ಉಳಿದದ್ದು ತನ್ನ ಮಗನದು ಎಂಬುದನ್ನೂ ಮುಚ್ಚಿಡಲಿಲ್ಲ. ಹೇಳುತ್ತ ಹೇಳುತ್ತ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ರತ್ನಮಾಲಾ ಕೂತಲ್ಲಿಂದ ಏಳಲಿಲ್ಲ. ಆರಿಸಿದ ಕಡಲೆಯನ್ನೇ ಮತ್ತೆ ಆರಿಸುತ್ತಿದ್ದಳು. ಒಳಗೆ ಕೂಸು ಅತ್ತಿತು, ಪ್ರಣಿತಾ ಏನೋ ಅಂದು ಸುಮ್ಮನಾಗಿಸಿದಳು.

"ಹೋಗ್ಲಿ ಅಣ್ಣಾ, ಅಳಬ್ಯಾಡ," ಎಂದಳು ಕೊನೆಗೆ. "ಮಷಿನ್ ಹೋದ್ರ ಹೋಯಿತು. ನೀ ಇದ್ದಿ ಅಲ್ಲ. ಅವತ್ತು ಮುಡಬ್ಯಾಗ ಅವ್ವನ ಮಗ್ಗಲದಾಗೇ ಟೇಪ್ ಹಿಡ್ಕೊಂಡು ನೀನೇ ಕುಂತಿದ್ದಿ. ನಾಳಿಗಿ ನಾ ಅಲ್ಲಿಗಿ ಬಂದು ನಿಂತಾಗ ನೀನೇ ಕರಿ. ನೀ ಸೋದರಮಾವ, ನಿನ್ನ ಬಾಯಾಗ ಬಂದ್ರೂ ನಡೀತದ."

"ನೀನೇ ಯಾಕ ಕರೀಬಾರದು?"

"ನನಗ ಬರಂಗಿಲ್ಲ. ಇಷ್ಟು ವರ್ಷ ನುಂಗಿ ನುಂಗಿ ಇಟ್ಟೀನಿ. ತೆಗೀಲಿಕ್ಕಿ ಹೋದ್ರ ಅಳುನೇ ಬರ್ತದ, ಹೆಸರು ಬರಂಗಿಲ್ಲ. ಕೂಸಿನ ತೊಟ್ಟಿಲ ಮುಂದ ಅಳಬಾರದು."

ಸಂಘಪಾಲ ಕುಂಚಿಗೆಯ ಚೀಲ ಕೆಳಗಿಟ್ಟು ಮತ್ತೆ ಎತ್ತಿಕೊಂಡ.

ಅವತ್ತಿನ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಟೇಪ್‌ರೆಕಾರ್ಡರಿನ ಮುಚ್ಚಳ ಸಡಿಲಾಗಿ ರಬ್ಬರ್ ಬ್ಯಾಂಡ್ ಹಾಕಿದ್ದು, ಹೆಂಗಸರ ಗದ್ದಲದಲ್ಲಿ ದನಿ ಅಳೆಯುವ ಮುಳ್ಳು ಕೆಂಪು ಗೆರೆ ದಾಟದಂತೆ ತಾನು ಗುಂಡಿ ತಿರುಗಿಸುತ್ತಿದ್ದದ್ದು, ರೀಲು ಸಿಕ್ಕಿಕೊಂಡೀತೆಂದು ಕಣ್ಣು ಕೀಲಿಸಿ ಕೂತದ್ದು. ಅವ್ವನ ಮುಖ ನೆನಪಿರಲಿಲ್ಲ, ಅವತ್ತು ಅವನು ತಲೆಯೆತ್ತಿ ನೋಡಿರಲೇ ಇಲ್ಲ. ಪದ ಕಿವಿಗೆ ಬಿದ್ದಿತ್ತು, ಒಳಗೆ ಇಳಿದಿರಲಿಲ್ಲ. ಆಮೇಲೆ ಕಂಪ್ಯೂಟರಿಗೆ ಇಳಿಸುವಾಗಲೂ ಪರದೆಯ ಮೇಲೆ ಕುಣಿಯುವ ಗೆರೆಗಳನ್ನು ನೋಡಿದ್ದ. ಒಂದು ಸಲವಾದರೂ ಕೂತು ಕೇಳಿರಲಿಲ್ಲ. ಕೇಳಲಿಕ್ಕೆ ಇದೆಯಲ್ಲ, ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

"ನೆನಪಿಲ್ಲೇನು?" ಎಂದಳು ರತ್ನಮಾಲಾ. ದನಿಯಲ್ಲಿ ಸಿಟ್ಟಿರಲಿಲ್ಲ, ನಂಬಲಾಗದ ಆಶ್ಚರ್ಯವಿತ್ತು. "ಹೆಸರು ನಿನಗ ಗೊತ್ತೇ ಇಲ್ಲೇನು, ಅಣ್ಣಾ?"

ಅವನು ತಲೆ ತಗ್ಗಿಸಿದ.

ಬೈದಿದ್ದರೆ ಚೆನ್ನಾಗಿತ್ತು. ಮೊರ ಎತ್ತಿ ಎಸೆದಿದ್ದರೂ ಚೆನ್ನಾಗಿತ್ತು. ಅವಳು ಎದ್ದು ಒಳಗೆ ಹೋಗಿ ನೀರು ತಂದು ಕೊಟ್ಟಳು, ಊಟಕ್ಕೆ ಎಬ್ಬಿಸಿದಳು, ರೊಟ್ಟಿಗೆ ಎಣ್ಣೆ, ಶೇಂಗಾ ಹಿಂಡಿ ಬಡಿಸಿದಳು. ಹೆಸರು ಮಾತ್ರ ಹೇಳಲಿಲ್ಲ. ಅವನಿಗೂ ಕೇಳುವ ಮುಖವಿರಲಿಲ್ಲ. ಡಿಪೋದ ಕತ್ತಲೆ ಮೂಲೆಯಲ್ಲಿ ಬಿದ್ದ ಬೋಲ್ಟಿನ ನಂಬರನ್ನು ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ, ಇಷ್ಟು ವರ್ಷದ ಮೇಲೆ ತಂಗಿಯ ಎದುರು ಕೂತು ನಿನ್ನ ಮಗಳ ಹೆಸರೇನವ್ವ ಎಂದು ಹೇಗೆ ಕೇಳಬೇಕು?

ಮರುದಿನ ಮನೆ ತುಂಬ ಜನ. ಬುದ್ಧನ ಪಟ, ಬಾಬಾಸಾಹೇಬರ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಬಿಳಿ ಸೀರೆಯ ಹೆಂಗಸರು ಕೈಮುಗಿದು ತ್ರಿಶರಣ ಹೇಳಿದರು. ತೊಟ್ಟಿಲಿಗೆ ಬಲೂನು ಕಟ್ಟಿದ್ದರು. ಪ್ರಣಿತಾಳ ನಾದಿನಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಊದಿದಳು, ಉಳಿದವರು ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ಗುಗ್ಗರಿ ಹಂಚುತ್ತಿದ್ದ ಪಕ್ಕದ ಮನೆಯ ರುಕ್ಮಿಣಿಬಾಯಿ, "ಎಲ್ಲಾರು ಸುಮ್ಮಕಾಗ್ರಿ, ಅಜ್ಜಿ ಪದ ಶುರು ಮಾಡ್ತಾಳ," ಎಂದು ಗದರಿದಳು.

ರತ್ನಮಾಲಾ ತೊಟ್ಟಿಲ ಹಗ್ಗ ಹಿಡಿದು ಹಾಡಿದಳು. ಅವ್ವನದೇ ದನಿ. ಗೋಡೆಗೆ ಆತು ನಿಂತ ಸಂಘಪಾಲ ಈ ಸಲ ಫೋನು ಹೊರಗೆ ತೆಗೆಯಲಿಲ್ಲ, ತಂಗಿಯ ಮುಖ ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಸೋದರತ್ತೆಯ ನುಡಿ ಬಂತು, ಅಜ್ಜನ ನುಡಿ ಬಂತು. ಆಮೇಲೆ ಅವಳು ದನಿ ಇಳಿಸಿದಳು.

"ಬಾರವ್ವ..." ಎಂದು ಎಳೆದು ನಿಂತಳು.

ತೊಟ್ಟಿಲು ತೂಗುತ್ತಿತ್ತು. ಉಸಿರು ಸಾಲದೆ ನಿಂತಳೆಂದು ಹೆಂಗಸರು ಕಾದರು. ಯಾರೋ ನೀರಿನ ತಂಬಿಗೆ ಮುಂದೆ ಚಾಚಿದರು. ರತ್ನಮಾಲಾ ತಂಬಿಗೆ ನೋಡಲಿಲ್ಲ, ತಲೆಯೆತ್ತಿ ಅಣ್ಣನನ್ನು ನೋಡಿದಳು. ರಾತ್ರಿಯಿಡೀ ಹೊರಳಾಡಿ ಏನಾದರೂ ನೆನಪು ಮಾಡಿಕೊಂಡಿರಬಹುದು ಎಂಬ ಸಣ್ಣ ಆಸೆ ಆ ಕಣ್ಣಿನಲ್ಲಿ ಇನ್ನೂ ಇತ್ತು. ರಾತ್ರಿಯಿಡೀ ಅವನು ಹೊರಳಾಡಿದ್ದು ನಿಜ. ಅವ್ವ ಇಡಬಹುದಾದ ಹೆಸರುಗಳನ್ನೆಲ್ಲ ಒಂದೊಂದಾಗಿ ಬಾಯಲ್ಲಿ ಆಡಿಸಿದ್ದೂ ನಿಜ. ಯಾವುದೂ ಇದೇ ಎನಿಸಿರಲಿಲ್ಲ. ತಪ್ಪು ಹೆಸರಿನಿಂದ ಕರೆಯುವ ಧೈರ್ಯ ಬರಲಿಲ್ಲ. ಅವನು ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದ.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹಗ್ಗವನ್ನು ಮತ್ತೆ ಎಳೆದು, ಹೆಸರಿಡುವ ಮೊದಲು ತನ್ನ ಆ ಮೊದಲ ಮಗುವನ್ನು ಎಲ್ಲರೂ ಹೇಗೆ ಕರೆಯುತ್ತಿದ್ದರೋ ಹಾಗೇ ಕರೆದಳು.

"ಬಾರವ್ವ ಕೂಸ, ಹಗ್ಗ ಹಿಡಿಯವ್ವ."

ಸುತ್ತಲಿನ ಹೆಂಗಸರು ಜೋ ಜೋ ಎಂದು ದನಿಗೂಡಿಸಿದರು.